ಪದಪಟ್ಟಿಯ ಜರಡಿ

ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ಕೇಳಿದಳು: "ಅಕ್ಕ, ನಿನ್ ಹತ್ರ ಆ ಜಿಆರ್‌ಇ ಪುಸ್ತಕ ಇತ್ತಲ್ಲ, ಪದಗಳದ್ದು. ಇನ್ನೂ ಇದ್ಯಾ?"

ಇತ್ತು. ಅಟ್ಟದ ಮೇಲೆ ಹಳೆಯ ಗೋಣಿಚೀಲಗಳ ಪಕ್ಕದ ಟ್ರಂಕಿನಲ್ಲಿ. ತೆಗೆದು ಧೂಳು ಕೊಡವಿದೆ. ಮಲೆನಾಡಿನ ಐದಾರು ಮಳೆಗಾಲ ಕಂಡ ಪುಸ್ತಕ, ಅಂಚು ಬೂಸ್ಟು ಹಿಡಿದು ಕಂದಾಗಿತ್ತು. ಒಳಗೆ ಪ್ರತಿ ಪದದ ಮುಂದೆ ಪೆನ್ಸಿಲಿನಲ್ಲಿ ನಾನೇ ಬರೆದ ಕನ್ನಡ ಅರ್ಥಗಳಿದ್ದವು. ಅವಳಿಗೆ ಕೊಡುವ ಮೊದಲು ಒಂದು ರಾತ್ರಿ ಅದನ್ನು ಓದುತ್ತ ಕೂತೆ. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಇಪ್ಪತ್ತೆಂಟರಲ್ಲಿ ಒಂದು ಕೃತಿಯಾಗಿ ಓದಿದೆ. ನನ್ನ ಸಂಶೋಧನೆಯ ವಿಷಯ ಹಳಗನ್ನಡದ ನಿಘಂಟುಗಳು. ಪದಗಳನ್ನು ಸಾಲಾಗಿ ಜೋಡಿಸಿಟ್ಟದ್ದು ಯಾವುದೇ ಇರಲಿ, ಅದನ್ನು ಜೋಡಿಸಿದವರ ಮನಸ್ಸು ಎಂಥದ್ದು ಎಂದು ಕೇಳುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ ಈ ವಾರ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಕಾದಂಬರಿಯನ್ನೂ ಅಲ್ಲ, ಕವನ ಸಂಕಲನವನ್ನೂ ಅಲ್ಲ. ಸಾವಿರಾರು ಹುಡುಗ ಹುಡುಗಿಯರು ಯಾವ ಕಾದಂಬರಿಗಿಂತಲೂ ಹೆಚ್ಚು ಶ್ರದ್ಧೆಯಿಂದ ಓದುವ, ಆದರೆ ಯಾರೂ ಒಮ್ಮೆಯೂ ವಿಮರ್ಶೆ ಮಾಡದ ಒಂದು ಬಗೆಯ ಪುಸ್ತಕವನ್ನು.

ಮೊದಲು ಪರೀಕ್ಷೆಯ ಬಗ್ಗೆ ಎರಡು ಮಾತು. ಜಿಆರ್‌ಇ 1936ರಲ್ಲಿ ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳ ಜೊತೆ ಕಾರ್ನೆಗಿ ಪ್ರತಿಷ್ಠಾನ ನಡೆಸಿದ ಪ್ರಯೋಗವಾಗಿ ಹುಟ್ಟಿತು. ಈಗ ಅದನ್ನು ನಡೆಸುವುದು ಇಟಿಎಸ್. 2011ರ ಆಗಸ್ಟ್‌ವರೆಗೆ ಅದರ ಭಾಷಾ ಭಾಗದಲ್ಲಿ ವಿರುದ್ಧಪದ ಮತ್ತು ಪದಸಾಮ್ಯದ ಪ್ರಶ್ನೆಗಳಿದ್ದವು. ಒಂದು ಪದವನ್ನು ಒಂಟಿಯಾಗಿ ನಿಲ್ಲಿಸಿ 'ಇದರ ವಿರುದ್ಧಪದ ಯಾವುದು?' ಎಂದು ಕೇಳುತ್ತಿದ್ದರು. ಆಮೇಲೆ ಅವನ್ನು ತೆಗೆದು, ವಾಕ್ಯದಲ್ಲಿ ಬಿಟ್ಟ ಜಾಗ ತುಂಬುವ ಪ್ರಶ್ನೆಗಳನ್ನು ಉಳಿಸಿಕೊಂಡರು. 2023ರ ಸೆಪ್ಟೆಂಬರಿನಿಂದ ಪರೀಕ್ಷೆಯೇ ಸುಮಾರು ಎರಡು ಗಂಟೆಗೆ ಇಳಿದಿದೆ. ಭಾಷೆಗೆ 41 ನಿಮಿಷ, 27 ಪ್ರಶ್ನೆ, 130ರಿಂದ 170ರವರೆಗೆ ಅಂಕ. ಕೊರೊನಾ ನಂತರ ಅನೇಕ ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯದಿಂದ ಕೈಬಿಟ್ಟವು. ಪರೀಕ್ಷೆ ಇಷ್ಟೆಲ್ಲ ಬದಲಾದರೂ ಪದಪಟ್ಟಿ ಮಾತ್ರ ಬದಲಾಗಲಿಲ್ಲ. ಪದ, ಅದರ ಮುಂದೆ ಒಂದು ಸಾಲಿನ ಅರ್ಥ. ಪರೀಕ್ಷೆ ಕೈಬಿಟ್ಟ ಒಂಟಿ ಪದಗಳನ್ನು ತರಬೇತಿ ಕೇಂದ್ರಗಳು ಇನ್ನೂ ಸಾಕುತ್ತಿವೆ.

ಪುಸ್ತಕದ ಮೊದಲ ಪುಟಗಳಲ್ಲೇ ಒಂದು ಸೋಜಿಗವಿದೆ. ಅಬ್ಡಿಕೇಟ್, ಅಬೆರಂಟ್, ಅಬ್ಜ್ಯೂರ್, ಅಬ್‌ಸ್ಕಾಂಡ್, ಅಬ್‌ಸ್ಟೇನ್. ನನ್ನ ಪೆನ್ಸಿಲಿನ ಅರ್ಥಗಳು: ಪಟ್ಟ ಬಿಟ್ಟುಕೊಡು, ದಾರಿ ತಪ್ಪಿದ, ಆಣೆಯಿಟ್ಟು ತೊರೆ, ತಲೆಮರೆಸಿಕೊಂಡು ಓಡು, ದೂರ ಉಳಿ. ಈ ಐದೂ ಪದಗಳ ತಲೆಯಲ್ಲಿರುವ 'ಅಬ್' ಲ್ಯಾಟಿನ್ನಿನದು, 'ಇಂದ ಆಚೆಗೆ' ಎಂದು ಅದರ ಅರ್ಥ. ಅಕಾರಾದಿಯಲ್ಲಿ ಅವು ಅಕ್ಕಪಕ್ಕ ಬಂದದ್ದು ಆಕಸ್ಮಿಕ. ಆದರೆ ಊರು ಬಿಟ್ಟು ಹೋಗಬೇಕೆಂದಿರುವವರು ಕೈಗೆತ್ತಿಕೊಳ್ಳುವ ಪುಸ್ತಕ, ಬಿಡುವ, ತೊರೆಯುವ, ಓಡಿಹೋಗುವ ಪದಗಳಿಂದ ಶುರುವಾಗುತ್ತದೆ ಎನ್ನುವುದು ಆಗ ನನ್ನ ಗಮನಕ್ಕೇ ಬಂದಿರಲಿಲ್ಲ. ಅವು ಒಂದೇ ಬೇರಿನವು ಎನ್ನುವುದೂ ಹೊಳೆದಿರಲಿಲ್ಲ. ಮೂರು ತಿಂಗಳಲ್ಲಿ ಮೂರು ಸಾವಿರ ಪದ ನುಂಗಬೇಕಾದವರಿಗೆ ಬೇರು ನೋಡುವ ಪುರಸೊತ್ತು ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ. ಪಟ್ಟಿಯಲ್ಲಿ ಮಳೆಗೆ, ಮಣ್ಣಿಗೆ, ಅಡುಗೆಗೆ ಪದಗಳು ಬಲು ಕಡಿಮೆ. ಮನುಷ್ಯರ ಗುಣಾವಗುಣಗಳಿಗೆ ಮಾತ್ರ ಬರವಿಲ್ಲ. ಅದರಲ್ಲೂ ಮಾತಿನ ಗುಣಗಳಿಗೆ. ಹೆಚ್ಚು ಮಾತಾಡುವವರಿಗೆ ಗ್ಯಾರುಲಸ್, ಲೊಕ್ವೇಶಸ್, ವರ್ಬೋಸ್. ಕಡಿಮೆ ಮಾತಿನವರಿಗೆ ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್. ಈ ಕೊನೆಯ ಮೂರರ ಮುಂದೆಯೂ ನಾನು ಬರೆದಿದ್ದು ಒಂದೇ ಪದ: ಮಿತಭಾಷಿ.

ನನ್ನ ಓದಿನ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ಕನ್ನಡದಲ್ಲಿ 'ಮಿತಭಾಷಿ' ಹೊಗಳಿಕೆ. ಅಭಿನಂದನ ಗ್ರಂಥಗಳಲ್ಲಿ, ಶ್ರದ್ಧಾಂಜಲಿಗಳಲ್ಲಿ ಬರುವ ಪದ. 'ಸರಳ, ಸಜ್ಜನ, ಮಿತಭಾಷಿ'. ಟ್ಯಾಸಿಟರ್ನ್ ಎಂದರೆ ಹೊಗಳಿಕೆಯಲ್ಲ. ಮಾತಾಡಿಸಿದರೂ ಮುಖ ಬಿಗಿದುಕೊಂಡಿರುವ ಸ್ವಭಾವದ ಛಾಯೆ ಅದಕ್ಕಿದೆ. ರೆಟಿಸೆಂಟ್ ಎನ್ನುವಾಗ ಹೇಳಲು ಇದೆ, ಹೇಳಲು ಒಲ್ಲ. ಲಕಾನಿಕ್ ಎಂದರೆ ಹೇಳಿದ್ದು ಕಡಿಮೆ, ಆದರೆ ಸರಿಯಾಗಿ ನಾಟುವಂತೆ ಹೇಳಿದ. ಗ್ರೀಸಿನ ಲಕೋನಿಯಾದವರು, ಅಂದರೆ ಸ್ಪಾರ್ಟಾದ ಸೀಮೆಯವರು, ಹಾಗೆ ಮಾತಾಡುತ್ತಿದ್ದರೆಂದು ಬಂದ ಪದ. ಈ ಮೂರೂ ಬಗೆಯವರು ನಮ್ಮ ಹಾನುಬಾಳಿನಲ್ಲಿ ಇದ್ದಾರೆ. ಅವರಿಗೆ ಬೇರೆ ಬೇರೆ ಮಾತುಗಳೂ ಇವೆ. ಒಬ್ಬನನ್ನು ನೋಡಿ 'ಅವ್ನು ಬಾಯೇ ಬಿಡಲ್ಲ' ಅನ್ನುತ್ತಾರೆ. ಇನ್ನೊಬ್ಬನಿಗೆ 'ಹೊಟ್ಟೇಲಿ ಇಟ್ಕಂಡವ್ನೆ, ಹೇಳಲ್ಲ'. ಮೂರನೆಯವನಿಗೆ 'ಅವ್ನು ಆಡಿದ್ರೆ ಒಂದೇ ಮಾತು'. ನನ್ನೊಳಗೆ ಆಗಲೇ ಇದ್ದ ಈ ಮೂರು ಭೇದಗಳನ್ನು ಬಿಟ್ಟು, ಎಲ್ಲೋ ಪಠ್ಯಪುಸ್ತಕದಲ್ಲಿ ಕಲಿತ ಒಂದು ಸಂಸ್ಕೃತ ಪದವನ್ನು ಮೂರಕ್ಕೂ ಮುಚ್ಚಳ ಹಾಕಿದ್ದೆ. ಗಟ್ಟಿ ಇಂಗ್ಲಿಷಿಗೆ ಗಟ್ಟಿ ಕನ್ನಡವೇ ಬೇಕು, ಮನೆಯ ಮಾತು ಸಾಲದು ಎಂಬ ನಂಬಿಕೆ. ಒಂದು ಕ್ಲಿಷ್ಟಪದವನ್ನು ಇನ್ನೊಂದು ಕ್ಲಿಷ್ಟಪದದಿಂದ ಬಾಯಿಪಾಠ ಮಾಡುವುದರಲ್ಲಿ ಎರಡೂ ಭಾಷೆ ಕೈಗೆ ಸಿಗುವುದಿಲ್ಲ.

ಅವಂಕ್ಯುಲರ್ ಎಂಬ ಪದದಲ್ಲಿ ಇನ್ನೂ ಚೆನ್ನಾಗಿ ಸಿಕ್ಕಿಬಿದ್ದೆ. ಪುಸ್ತಕದ ಅರ್ಥ 'ಅಂಕಲ್ಲಿನಂತೆ'. ನಾನು ಬರೆದದ್ದು: 'ಅಂಕಲ್ ಥರ'! ಅದರ ಮೂಲ ಲ್ಯಾಟಿನ್ನಿನ ಅವಂಕುಲುಸ್. ಅದಕ್ಕೆ ತಾಯಿಯ ಅಣ್ಣತಮ್ಮಂದಿರು ಎಂದೇ ಅರ್ಥ. ತಂದೆಯ ಕಡೆಯವರಿಗೆ ಆ ಭಾಷೆಯಲ್ಲಿ ಬೇರೆ ಪದವಿದೆ. ಇಂಗ್ಲಿಷಿಗೆ ಬರುವ ಹೊತ್ತಿಗೆ ಆ ಭೇದ ಕರಗಿ ಎಲ್ಲರೂ ಅಂಕಲ್ ಆದರು. ಕನ್ನಡದಲ್ಲಿ ಅದು ಇನ್ನೂ ಗಟ್ಟಿಯಾಗಿದೆ: ಸೋದರಮಾವ. ಅಂದರೆ ಇಂಗ್ಲಿಷ್ ಮರೆತ ಅರ್ಥ ನನ್ನ ಮನೆಯಲ್ಲಿ ದಿನಬಳಕೆಯಲ್ಲಿತ್ತು. ಆದರೆ 'ಸೋದರಮಾವನಂಥ' ಎಂದು ಬರೆದುಬಿಟ್ಟರೆ ಸರಿಹೋಗುತ್ತದೆಯೇ? ಅದೂ ಇಲ್ಲ. ಇಂಗ್ಲಿಷಿನ ಅವಂಕ್ಯುಲರ್‌ನಲ್ಲಿ ಇರುವುದು ಕಿರಿಯರ ಮೇಲೆ ಹಿರಿಯರ ನಿರುಪದ್ರವಿ ವಾತ್ಸಲ್ಯ. ನಮ್ಮ ಕಡೆ ಸೋದರಮಾವ ಎಂದರೆ ಜಾತ್ರೆಯಲ್ಲಿ ಬಳೆ ಕೊಡಿಸುವವನೂ ಹೌದು, ಮದುವೆಗೆ ಕೇಳಬಹುದಾದವನೂ ಹೌದು. ಓದು ನಿಲ್ಲಿಸಿ ಮಾವನ ಮನೆ ಸೇರಿದ ಗೆಳತಿಯರಿರುವ ಹುಡುಗಿಯ ಕಿವಿಗೆ ಆ ಪದ ಬರೀ ವಾತ್ಸಲ್ಯವಾಗಿ ಕೇಳಿಸುವುದಿಲ್ಲ. ಒಂದು ಪದದ ಅರ್ಥ ಬರೆಯಹೊರಟರೆ ಒಂದು ಸಮಾಜದ ಮದುವೆಯ ಪದ್ಧತಿ ಅಡ್ಡ ಬಂದು ನಿಲ್ಲುತ್ತದೆ. ಪದಪಟ್ಟಿಯ ಒಂದು ಸಾಲಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಈಗ ನನ್ನನ್ನು ಬಹಳ ಕಾಲ ಕಾಡಿದ ಪದಕ್ಕೆ ಬರುತ್ತೇನೆ: ಗಾರ್ಬಲ್.

ನನ್ನ ದೊಡ್ಡಮ್ಮ ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಲವು ವರ್ಷ ದುಡಿದಳು. ನಮ್ಮ ಕಡೆಯ ತೋಟಗಳಿಂದ ಪಾರ್ಚ್‌ಮೆಂಟ್, ಚೆರ್ರಿ ಎರಡೂ 50 ಕೆ.ಜಿ. ಮೂಟೆಗಳಲ್ಲಿ ಹೊರಟು, ಹೊಟ್ಟು ಬಿಡಿಸಿ, ಗಾತ್ರದ ಪ್ರಕಾರ ವಿಂಗಡಣೆಯಾಗುವುದು ಅಂಥ ಕಡೆಯೇ. ಕೊನೆಯ ಹಂತದಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಕಂದು ಬೀಜ, ಒಡಕು ಬೀಜಗಳನ್ನು ಕೈಯಿಂದ ಆರಿಸಿ ತೆಗೆಯುತ್ತಾರೆ. ಬ್ಲ್ಯಾಕ್ಸ್, ಬ್ರೌನ್ಸ್, ಬಿಟ್ಸ್. ಮೂರೂ ಸೇರಿ ವ್ಯಾಪಾರದಲ್ಲಿ ಬಿಬಿಬಿ. ಈ ಆರಿಸುವ ಕೆಲಸಕ್ಕೆ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಇರುವ ಹೆಸರು ಗಾರ್ಬಲಿಂಗ್. ದೊಡ್ಡ ಕಡೆಗಳಲ್ಲಿ ಈಗ ಬಣ್ಣ ಗುರುತಿಸುವ ಯಂತ್ರಗಳು ಬಂದಿವೆ. ದೊಡ್ಡಮ್ಮನ ಕಾಲದಲ್ಲಿ ಕಣ್ಣು ಮತ್ತು ಬೆರಳು. 'ಗಾರ್ಬಲಿಂಗ್‌ಗೆ ಹೋಗ್ಬೇಕು, ಹೊತ್ತಾಯ್ತು' ಎನ್ನುತ್ತಿದ್ದಳು. ಅವಳು ಓದಿದ್ದು ಮೂರನೇ ಕ್ಲಾಸು. ಆ ಪದ ಇಂಗ್ಲಿಷು ಎನ್ನುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಅರ್ಥ ಮಾತ್ರ ಬೆರಳ ತುದಿಯಲ್ಲಿತ್ತು. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಉಳಿಸುವುದು.

ತರಬೇತಿ ಕೇಂದ್ರವೊಂದರ ಅಣಕು ಪರೀಕ್ಷೆಯಲ್ಲಿ ಈ ಪದ ಬಂತು. ಸಾಕ್ಷಿಯೊಬ್ಬರ ಹೇಳಿಕೆಯನ್ನು ವರದಿಗಾರ ಏನೋ ಮಾಡಿದ್ದರಿಂದ ತಪ್ಪು ಸುದ್ದಿ ಹಬ್ಬಿತು ಎಂಬರ್ಥದ ವಾಕ್ಯ. ಬಿಟ್ಟ ಜಾಗ ತುಂಬಬೇಕು. ಆಯ್ಕೆಗಳಲ್ಲಿ ಗಾರ್ಬಲ್ಡ್ ಇತ್ತು. ನಾನು ಅದನ್ನು ಮೊದಲೇ ಹೊಡೆದುಹಾಕಿದೆ. ಶುದ್ಧ ಮಾಡಿದ್ದರಿಂದ ತಪ್ಪು ಹೇಗೆ ಹಬ್ಬುತ್ತದೆ? ಸರಿಯುತ್ತರ ಅದೇ ಆಗಿತ್ತು. ಇಂದಿನ ಇಂಗ್ಲಿಷಿನಲ್ಲಿ ಗಾರ್ಬಲ್ ಎಂದರೆ ಕಲಸುಮೇಲೋಗರ ಮಾಡು, ತಿರುಚಿ ಕೆಡಿಸು. ನಾನು ದೊಡ್ಡಮ್ಮನ ಕೆಲಸದ ಬಗ್ಗೆ ಹೇಳಿದೆ. ಪಾಠ ಮಾಡುವವರು ನಕ್ಕು, 'ಅದು ನಿಮ್ಮೂರಿನ ಇಂಗ್ಲಿಷು' ಎಂದರು. ತರಗತಿಯೂ ನಕ್ಕಿತು. ನಾನೂ ನಕ್ಕೆ. ಆ ನಗುವಿನ ನಾಚಿಕೆ ಮಾತ್ರ ಬಹಳ ದಿನ ಉಳಿಯಿತು. ದೊಡ್ಡಮ್ಮ ಆಯುಸ್ಸಿನ ಅರ್ಧ ಭಾಗ ಮಾಡಿದ ಕೆಲಸದ ಹೆಸರೇ ತಪ್ಪು ಎಂದಾಯಿತಲ್ಲ!

ವರ್ಷಗಳ ನಂತರ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಬೇರೇನನ್ನೋ ಹುಡುಕುತ್ತ ಇಂಗ್ಲಿಷ್ ಪದಗಳ ವ್ಯುತ್ಪತ್ತಿಕೋಶವೊಂದನ್ನು ತೆರೆದಿದ್ದೆ. ಗಾರ್ಬಲ್ ಕಣ್ಣಿಗೆ ಬಿತ್ತು. ಮೂಲ ಅರಬ್ಬಿ, ಘಿರ್‌ಬಾಲ್ ಎಂದರೆ ಜರಡಿ. ಇಟಲಿಯ ವರ್ತಕರ ಬಾಯಿಂದ ಇಂಗ್ಲಿಷಿಗೆ ಬಂತು. ಮೊದಲ ಅರ್ಥ ಸಾಂಬಾರ ಪದಾರ್ಥಗಳನ್ನು ಜರಡಿ ಹಿಡಿದು ಕಸಕಡ್ಡಿ ತೆಗೆಯುವುದು. ಲಂಡನ್ ನಗರದಲ್ಲಿ ಮೆಣಸು ಮಸಾಲೆಗಳ ಕಲಬೆರಕೆ ಪರೀಕ್ಷಿಸಲು 'ಗಾರ್ಬ್ಲರ್' ಎಂಬ ಅಧಿಕಾರಿಯೇ ಇದ್ದ. ಆಮೇಲೆ ಪದ ಜಾರಿತು. ಬೇಕಾದ್ದನ್ನು ಆರಿಸುವುದು ಎಂದಿದ್ದದ್ದು ತನಗೆ ಬೇಕಾದ ಮಾತುಗಳನ್ನಷ್ಟೇ ಆರಿಸಿಕೊಳ್ಳುವುದಾಯಿತು, ಅದರಿಂದ ಅರ್ಥ ತಿರುಚುವುದಾಯಿತು, ಕೊನೆಗೆ ಬರೀ ಗೊಂದಲ ಮಾಡುವುದಾಯಿತು. ಲಂಡನ್ನಿನಲ್ಲಿ ಜಾರಿದ ಪದ ವ್ಯಾಪಾರದ ದಾರಿಯಲ್ಲಿ ಬಂದು ಹಾಸನದಲ್ಲಿ ಜಾರದೆ ನಿಂತಿದೆ. ದೊಡ್ಡಮ್ಮನ ಅರ್ಥ ತಪ್ಪಲ್ಲ, ಹಳೆಯದು.

ಇಲ್ಲಿ ಗೆದ್ದೆ ಎಂದು ಬೀಗುವುದು ಸುಲಭ. ಆದರೆ ನನ್ನ ಉತ್ತರ ಆಗಲೂ ತಪ್ಪು, ಈಗಲೂ ತಪ್ಪು. ವಾಕ್ಯ ಕೇಳಿದ್ದು ಇಂದಿನ ಬಳಕೆಯನ್ನು. ವಾಕ್ಯವನ್ನು ಸರಿಯಾಗಿ ಓದಿದ್ದರೆ ಪದ ಗೊತ್ತಿಲ್ಲದೆಯೂ ಅಲ್ಲಿಗೆ ತಲುಪಬಹುದಿತ್ತು. ನನಗೆ ಅಂಕ ಕೊಡದಿದ್ದುದರ ಬಗ್ಗೆ ದೂರಿಲ್ಲ. ದೂರಿರುವುದು ಆ ಒಂದು ಸಾಲಿನ ಅರ್ಥದ ಬಗ್ಗೆ. ಶುದ್ಧ ಮಾಡುವ ಪದ ಕೆಡಿಸುವ ಪದವಾದದ್ದು ಹೇಗೆ ಎಂಬ ದಾರಿ ತೋರಿಸಿದ್ದರೆ ಆ ಪದ ನನಗೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಜೊತೆಗೆ ಆ ಹೊತ್ತು ದೊಡ್ಡಮ್ಮನ ಬಗ್ಗೆ ನಾಚಿಕೆಯ ಬದಲು ಹೆಮ್ಮೆ ಬರುತ್ತಿತ್ತು. ಪಟ್ಟಿ ನಮ್ಮಿಂದ ಏನನ್ನು ಜರಡಿ ಹಿಡಿದು ತೆಗೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನ್ನ ಬಳಿ ಇಲ್ಲ.

ಹೀಗೆ ಹಾನುಬಾಳಿನ ಸುತ್ತಮುತ್ತ ಇಂಗ್ಲಿಷು ಶಾಲೆಗಿಂತ ಮೊದಲು ತೋಟಕ್ಕೆ ಬಂದಿದೆ. ಆಗ ಈ ಸೀಮೆ ಮಂಜರಾಬಾದ್. ಇಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಎಂಬ ದೊರೆ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕವನ್ನು ಮೈಸೂರು ಸೀಮೆಯ ತೋಟದ ಬದುಕಿನ ಬಗ್ಗೆ ಬರೆದ. ಪಲ್ಪರ್, ಬೋರರ್, ಶೇಡು, ಚೆಕ್‌ರೋಲ್ ಇವೆಲ್ಲ ಲೈನ್ ಮನೆಗಳ ಮಕ್ಕಳಿಗೂ ಗೊತ್ತು. ನನ್ನ ಅಪ್ಪ ಎಸ್ಟೇಟಿನ ರೈಟ್ರು. ಆಳುಗಳ ಹಾಜರಿಯನ್ನು ಚೆಕ್‌ರೋಲಿನಲ್ಲಿ ಬರೆಯುವವರು. ಕುವೆಂಪು ದೊಡ್ಡ ರೈಟರ್ ಎಂದು ಮೇಷ್ಟ್ರು ಹೇಳಿದಾಗ, ಅವರ ಎಸ್ಟೇಟಿನಲ್ಲಿ ಎಷ್ಟು ಆಳು ಇದ್ದಿರಬಹುದು ಎಂದು ಯೋಚಿಸಿದ್ದೆ. ಓದುವ ಗದ್ಯಭಾಗವೊಂದರಲ್ಲಿ ಪಾರ್ಚ್‌ಮೆಂಟ್ ಬಂದಾಗ ಬರೆಯಲು ಹದ ಮಾಡಿದ ಚರ್ಮದ ಬದಲು ಕಣದಲ್ಲಿ ಹರವಿದ ಬಿಳಿ ಕಾಫಿಬೀಜ ಕಣ್ಣ ಮುಂದೆ ಬಂದಿತ್ತು. ಬೀಜದ ಮೇಲಿನ ಒಣ ಸಿಪ್ಪೆ ಆ ಚರ್ಮದಂತಿದೆ ಎಂದೇ ಆ ಹೆಸರು. ಎರಡೂ ಅರ್ಥ ಒಂದೇ ರೂಪಕದ ಎರಡು ತುದಿ.

ಪರೀಕ್ಷೆಯಲ್ಲಿ ಜನ ಎಡವುವುದೂ ಬಹುಪಾಲು ಇಂಥ ಪರಿಚಿತ ಪದಗಳಲ್ಲೇ. ಸೊಸೈಟಿಯಲ್ಲಿ 'ಲೋನ್ ಸ್ಯಾಂಕ್ಷನ್ ಆಯ್ತು' ಎಂದರೆ ಹಾನುಬಾಳಿನಲ್ಲಿ ಹಬ್ಬ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರು ಎಂದರೆ ಶಿಕ್ಷೆ. ಪರೀಕ್ಷೆಯಲ್ಲಿ ಕ್ವಾಲಿಫೈ ಆಗುವುದು ಪಾಸಾಗುವುದು. ಹೇಳಿಕೆಯನ್ನು ಕ್ವಾಲಿಫೈ ಮಾಡುವುದು ಅದಕ್ಕೆ ಮಿತಿ ಹಾಕುವುದು. ಪ್ಲಾಸ್ಟಿಕ್ ಎಂದರೆ ಬಕೆಟ್ಟು ಮಾತ್ರವಲ್ಲ, ಬೇಕಾದ ಆಕಾರಕ್ಕೆ ಬಗ್ಗುವ ಗುಣವೂ ಹೌದು. ಅಪರೂಪದ ಪದಗಳ ಹಿಂದೆ ಓಡಿಸುವ ಪಟ್ಟಿ ಈ ಸಾಮಾನ್ಯ ಪದಗಳ ಎರಡನೇ ಮುಖವನ್ನು ಎಷ್ಟೋ ಸಲ ಮರೆಸುತ್ತದೆ.

ನಮ್ಮ ಹಳೆಯ ಕೋಶಕಾರರು ಇದನ್ನು ಮರೆತಿರಲಿಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂದು ಒಂದು ಭಾಗವೇ ಇದೆ; ಒಂದೇ ಪದಕ್ಕೆ ಹಲವು ಅರ್ಥವಿರುವವನ್ನು ಅಲ್ಲಿ ಕೂಡಿಸಿದ್ದಾರೆ. ಕನ್ನಡದಲ್ಲೂ ಈ ಪರಂಪರೆ ಉದ್ದ. ರನ್ನಕಂದದ ಉಳಿದಿರುವ ಕೆಲವೇ ಪದ್ಯಗಳು, ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ. ಎಲ್ಲವೂ ಪದ್ಯದಲ್ಲಿವೆ, ಬಾಯಿಪಾಠಕ್ಕೆಂದೇ. ಹಳಗನ್ನಡ ಜನರ ಬಾಯಿಂದ ದೂರವಾಗುತ್ತಿದ್ದ ಕಾಲದಲ್ಲಿ ಹಳೆಯ ಕಾವ್ಯ ಓದಲು, ಹೊಸದನ್ನು ಬರೆಯಲು ಬೇಕಾದ ಕೈಪಿಡಿ ಲಿಂಗಮಂತ್ರಿಯದು. ಕಷ್ಟದ ಪದಗಳ ಪಟ್ಟಿ ಮಾಡಿ ಉರುಹೊಡೆಯುವುದು ಅಮೆರಿಕದವರು ನಮಗೆ ಕಲಿಸಿದ ವಿದ್ಯೆಯಲ್ಲ. ವ್ಯತ್ಯಾಸ ಇರುವುದು ಆ ಪದಗಳು ಕೊನೆಗೆ ಎಲ್ಲಿಗೆ ಮುಟ್ಟಬೇಕು ಎನ್ನುವುದರಲ್ಲಿ. ಕಬ್ಬಿಗರ ಕೈಪಿಡಿ ಓದುಗರನ್ನು ಕಾವ್ಯದ ಬಾಗಿಲಿಗೆ ತಂದು ಬಿಡುತ್ತದೆ. ಜಿಆರ್‌ಇ ಪಟ್ಟಿ ಅಂಕದ ಬಾಗಿಲಲ್ಲಿ ಬಿಡುತ್ತದೆ. ಪರೀಕ್ಷೆಯ ಮರುದಿನ ಆ ಪದಗಳಿಗೆ ಹೋಗಲು ಬೇರೆ ಜಾಗವಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಹಳೆಯದೆಲ್ಲ ಹೊನ್ನು ಎಂಬ ಪ್ರಬಂಧವಾಗುತ್ತಿತ್ತು. ನನ್ನ ಸಂಶೋಧನೆಯ ಮೊದಲ ವರ್ಷ ನಾನು ಹಾಗೇ ಬರೆಯುತ್ತಿದ್ದೆ. ಈಗ ಬರೆಯಲಾರೆ. ಅಮರಕೋಶ ಪದಗಳನ್ನು ಅರ್ಥದ ಪ್ರಕಾರ ಮನೆಗಳಲ್ಲಿ ಕೂರಿಸುತ್ತದೆ: ಸ್ವರ್ಗ ಮೊದಲು, ಆಮೇಲೆ ಭೂಮಿ, ಊರು, ಬೆಟ್ಟ, ಕಾಡು, ಪ್ರಾಣಿ, ಮನುಷ್ಯ. ಅಲ್ಲಿಂದ ಮುಂದೆ ಬ್ರಹ್ಮವರ್ಗ, ಕ್ಷತ್ರಿಯವರ್ಗ, ವೈಶ್ಯವರ್ಗ, ಕೊನೆಯಲ್ಲಿ ಶೂದ್ರವರ್ಗ. ಕೈಕಸುಬಿನವರ, ಕೂಲಿಯವರ ಪದಗಳು ಇರುವುದು ಆ ಕೊನೆಯ ಮನೆಯಲ್ಲಿ. ದೊಡ್ಡಮ್ಮನ ಜರಡಿಯ ಕೆಲಸಕ್ಕೆ ಅಮರಸಿಂಹ ಜಾಗ ಕೊಟ್ಟಿದ್ದರೂ ಅಲ್ಲೇ ಕೊಡುತ್ತಿದ್ದ. ಅದನ್ನು ಕಲಿಸುತ್ತಿದ್ದ ಜಗುಲಿಯ ಮೇಲೆ ಅವಳ ಅಜ್ಜಿಯನ್ನು ಯಾರೂ ಕೂರಿಸಿಕೊಳ್ಳುತ್ತಿರಲಿಲ್ಲ. ಅಕಾರಾದಿಗೆ ಸೌಂದರ್ಯವಿಲ್ಲ, ನಿಜ. ಅದಕ್ಕೆ ಜಾತಿಯೂ ಇಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಆ ಬೂಸ್ಟು ಪುಸ್ತಕ 'ನೀನು ಯಾರ ಮಗಳು' ಎಂದು ನನ್ನನ್ನು ಕೇಳಲಿಲ್ಲ. ಅದರ ಬಡತನವನ್ನು ಟೀಕಿಸುವಾಗ ಈ ಒಂದು ದೊಡ್ಡಗುಣವನ್ನು ಮರೆತರೆ ನಾನೂ ಬೇಕಾದ್ದನ್ನಷ್ಟೇ ಆರಿಸಿ ಗಾರ್ಬಲ್ ಮಾಡಿದಂತೆ.

ಹಾಗಾದರೆ ಪದವನ್ನು ಅದರ ಬದುಕಿನ ಸಮೇತ ಕೊಡುವ, ಬಾಗಿಲೂ ತೆರೆದಿರುವ ಪುಸ್ತಕ ಸಾಧ್ಯವೇ? ಒಂದು ಮಟ್ಟಿಗೆ ಸಾಧ್ಯ ಎಂದು ತೋರಿಸಿದ್ದು ಎಲಿಯಟ್ಟನ ಎರಡನೇ ಪುಸ್ತಕ ಬಂದ ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ ನಿಘಂಟು. ಕಿಟೆಲ್ ಅಕಾರಾದಿಯನ್ನೇ ಹಿಡಿದರೂ ಪದದ ಮುಂದೆ ಒಂದು ಸಾಲು ಬರೆದು ಕೈತೊಳೆದುಕೊಳ್ಳಲಿಲ್ಲ. ಹಳೆಯ ಕಾವ್ಯದ ಪ್ರಯೋಗ, ತಮಿಳು ತೆಲುಗು ತುಳುವಿನ ನೆಂಟರು, ಇವುಗಳ ಪಕ್ಕದಲ್ಲೇ ಜನರ ಗಾದೆ. ಗಾದೆಗೂ ಕಾವ್ಯಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ನಿಘಂಟು ಅದು. ನಮ್ಮ ಕಾಲದಲ್ಲಿ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಮಾಡಿದ್ದೂ ಇದನ್ನೇ. ಪದವೊಂದನ್ನು ಕೇಳಿದ ಓದುಗರಿಗೆ ಅದರ ಅರ್ಥದ ಜೊತೆ ಅದು ನಡೆದು ಬಂದ ದಾರಿಯನ್ನೂ ಹೇಳಿದರು. ಇನ್ನೊಂದು ದಾರಿ ಬಿ.ಎಂ.ಶ್ರೀ. ಅವರದು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂತು. ಇಂಗ್ಲಿಷಿನ ಪದಗಳನ್ನು ಅವರು ಕಲಿತದ್ದು ಕನ್ನಡಕ್ಕೆ ಹೊತ್ತು ತರಬೇಕೆಂಬ ಹೊಣೆಯಿಂದ. ಹೊತ್ತು ತರುವವರಿಗೆ ಪದದ ತೂಕ ಗೊತ್ತಾಗುತ್ತದೆ; ಒಂದು ಕ್ಷಣ ಎತ್ತಿ ಇಳಿಸುವವರಿಗೆ ಗೊತ್ತಾಗುವುದಿಲ್ಲ. ಆದರೆ ಬಿ.ಎಂ.ಶ್ರೀ. ಅವರಿಗೆ ಪ್ರಾಧ್ಯಾಪಕರ ಕುರ್ಚಿಯಿತ್ತು, ವರ್ಷಗಳಿದ್ದವು. ನನ್ನ ತಂಗಿಗೆ ಇರುವುದು ಮೂರು ತಿಂಗಳು ಮತ್ತು ಬ್ಯಾಂಕಿನಿಂದ ಇನ್ನೂ ಸ್ಯಾಂಕ್ಷನ್ ಆಗದ ಸಾಲ.

ನನ್ನ ಕಥೆಯನ್ನೂ ಮುಗಿಸಿಬಿಡುತ್ತೇನೆ. ಪರೀಕ್ಷೆ ಬರೆದೆ, ಅಂಕ ಸಾಧಾರಣವಾಗಿ ಬಂತು. ಒಂದು ಕಡೆ ಸೀಟೂ ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಅಪ್ಪ ತೋಟದ ಮೇಲೆ ಸಾಲ ತೆಗೆಯುತ್ತೇನೆ ಅಂದರು. ತೋಟ ಎಂದರೆ ಎರಡು ಎಕರೆ. ನಾನು ಬೇಡ ಅಂದೆ. ಇಲ್ಲೇ ಸಂಶೋಧನೆಗೆ ಸೇರಿದೆ. ಇದನ್ನು ತ್ಯಾಗವೆಂದು ಯಾರೂ ಓದಬಾರದು. ಆಗ ಅತ್ತಿದ್ದೆ, ಈಗಲೂ ಕೆಲವೊಮ್ಮೆ ಹೋಗಿದ್ದರೆ ಹೇಗಿರುತ್ತಿತ್ತು ಅನ್ನಿಸುತ್ತದೆ. ತಂಗಿಗೆ 'ಇದೆಲ್ಲ ವ್ಯರ್ಥ' ಎಂದು ಹೇಳುವ ಹಕ್ಕು ನನಗಿಲ್ಲ. ಆ ಬಾಗಿಲು ದಾಟಲು ಈ ಪದಗಳು ಬೇಕು. ಬೇಕಾದವರು ಕಲಿಯಲೇಬೇಕು.

ಹಾಗಾಗಿ ಪುಸ್ತಕ ಕೊಟ್ಟೆ. ಕೊಡುವ ಮೊದಲು ನನ್ನ ಪೆನ್ಸಿಲಿನ ಅರ್ಥಗಳಲ್ಲಿ ಬಹಳಷ್ಟನ್ನು ರಬ್ಬರಿನಿಂದ ಅಳಿಸಿದೆ. ಮಿತಭಾಷಿ ಹೋಯಿತು. 'ಅಂಕಲ್ ಥರ' ಹೋಯಿತು. ಗಾರ್ಬಲ್ ಎದುರು ಮಾತ್ರ ಎರಡು ಸಾಲು ಬರೆದೆ: 'ಮೊದಲು ಜರಡಿ ಹಿಡಿಯುವುದು. ಆಮೇಲೆ ತನಗೆ ಬೇಕಾದ್ದನ್ನೇ ಹಿಡಿದು ಕೆಡಿಸುವುದು. ದೊಡ್ಡಮ್ಮನ್ನ ಕೇಳು.' ಅವಳಿಗೆ ಹೇಳಿದ್ದೂ ಇಷ್ಟೇ. ದಿನಕ್ಕೆ ಮೂವತ್ತು ಪದ ಬೇಡ, ಹತ್ತು ಸಾಕು. ಪ್ರತಿಯೊಂದಕ್ಕೂ ಊರಿನಲ್ಲಿ ಕಂಡ ಒಬ್ಬರನ್ನೋ ಒಂದು ಕೆಲಸವನ್ನೋ ಇಟ್ಟು ಒಂದು ವಾಕ್ಯ ಬರಿ. ನಿಘಂಟಿನ ಕನ್ನಡ ಬೇಡ, ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಥ ಬರಿ. ಹೊಂದದೆ ಹೋದರೆ ಎಲ್ಲಿ ಹೊಂದಲಿಲ್ಲ ಅಂತ ಬರಿ. ಹೊಂದದ ಜಾಗವೇ ನೆನಪಿನಲ್ಲಿ ಉಳಿಯುವುದು.

ಮೊನ್ನೆ ರಾತ್ರಿ ಅವಳ ಮೆಸೇಜು ಬಂತು. ಪಟ್ಟಿಯ ಕೊನೆಯ ಪುಟಗಳಿಗೆ ಹೋಗಿದ್ದಾಳೆ. 'ಅಕ್ಕ, ವಿನೋ ಅಂದ್ರೆ ಪುಸ್ತಕದಲ್ಲಿ ಬೇಡದ್ದನ್ನ ಬೇರೆ ಮಾಡೋದು ಅಂತಿದೆ. ತೂರೋದಾ, ಕೇರೋದಾ, ಆರಿಸೋದಾ? ನಮ್ಮಲ್ಲಿ ಮೂರೂ ಬೇರೆ ಅಲ್ವಾ?'

ಬೇರೆಯೇ. ಮೊರದಲ್ಲಾದರೆ ಕೇರುವುದು, ಕೈಯಲ್ಲಾದರೆ ಆರಿಸುವುದು. ವಿನೋ ಪದದ ಬೇರಿನಲ್ಲಿರುವುದು ವಿಂಡ್. ನಾನು ಉತ್ತರಿಸಿದೆ: 'ಅದರೊಳಗೆ ಗಾಳಿ ಇದೆ ಕಣೇ. ತೂರೋದು.'